ಮಿದುಳಿಗೆ ನುಗ್ಗುವ ರಕ್ಷಕರು

ಮನೆಯ ಹಿರಿಯರೊಬ್ಬರು ಬೆಳಗಿನ ಕಾಫಿಯ ಲೋಟವನ್ನು ಎತ್ತಲು ಹೋಗುತ್ತಾರೆ. ಲೋಟ ಕೈಜಾರಿ ಬೀಳುತ್ತದೆ. ಮಾತು ತೊದಲುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ. ‘ಲಕ್ವ ಹೊಡೆಯಿತು’ ಎನ್ನುತ್ತಾರೆ ನೆರೆಯವರು. ಇದೇ ಪಾರ್ಶ್ವವಾಯು. ಮಿದುಳಿಗೆ ರಕ್ತವನ್ನೊಯ್ಯುವ ನಾಳವೊಂದರಲ್ಲಿ ರಕ್ತದ ಹೆಪ್ಪು ಸಿಕ್ಕಿಕೊಳ್ಳುವುದೇ ಬಹುಮಟ್ಟಿಗೆ ಇದಕ್ಕೆ ಕಾರಣ. ನಾಳವೊಡೆದು ರಕ್ತ ಸೋರುವುದರಿಂದಲೂ ಇದು ಉಂಟಾಗಬಹುದು. ಆ ವಿಚಾರ ಇಲ್ಲಿ ಬೇಡ.

ಮಿದುಳಿನ ತೂಕ ದೇಹದ ತೂಕದಲ್ಲಿ ಶೇಕಡ 2ರಷ್ಟೇ ಆದರೂ, ದೇಹವು ಬಳಸುವ ಆಮ್ಲಜನಕದಲ್ಲಿ ಶೇಕಡ 20ರಷ್ಟು ಅದಕ್ಕೇ ಬೇಕು. ದೊಡ್ಡ ನಾಳವೊಂದು ಮುಚ್ಚಿದಾಗ ನಿಮಿಷವೊಂದಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆಂದು ಅಮೆರಿಕದ ವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಹೆಪ್ಪನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ಮೊದಲ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆ ಹೊತ್ತನ್ನು ಎಣ್ಣೆ ತಿಕ್ಕಿಸುವುದರಲ್ಲಿ ಕಳೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ!

ನಾಳ ಮುಚ್ಚಿದುದರಿಂದಾದ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಸಾಯುತ್ತಿರುವ ಕೋಶಗಳಿಂದ ಹೊರಬಿದ್ದ ವಸ್ತುಗಳು ಮಿದುಳಿನ ಕಾವಲುಗಾರರಾದ ಮೈಕ್ರೋಗ್ಲಿಯ ಕೋಶಗಳನ್ನು ಎಚ್ಚರಿಸುತ್ತವೆ. ಅವು ಕಳುಹಿಸುವ ರಾಸಾಯನಿಕ ಸಂದೇಶಗಳಿಂದ ರಕ್ತನಾಳದ ಒಳಗೋಡೆಯಲ್ಲಿ ಅಂಟುವ ಅಣುಗಳು ಮೂಡುತ್ತವೆ. ಮುಂದಿನದು ಭೌತಶಾಸ್ತ್ರ ಕಲಿಸುವ ನಮಗೆ ಬಹಳ ಸ್ವಾರಸ್ಯದ ದೃಶ್ಯ. ರಭಸದಿಂದ ಸಾಗುತ್ತಿದ್ದ ಬಿಳಿಯ ರಕ್ತಕಣ ಗೋಡೆಗೆ ತಾಗುತ್ತದೆ. ಪ್ರವಾಹ ಅದನ್ನು ಮುಂದಕ್ಕೆ ತಳ್ಳುತ್ತದೆ, ಅಂಟು ಹಿಂದಕ್ಕೆ ಹಿಡಿಯುತ್ತದೆ. ಎರಡರ ನಡುವೆ ಕಣವು ಉರುಳತೊಡಗುತ್ತದೆ. ಉರುಳುತ್ತ ನಿಧಾನವಾಗಿ, ಕೊನೆಗೆ ಬಲವಾಗಿ ಅಂಟಿಕೊಂಡು, ಮೈಯನ್ನು ತೆಳ್ಳಗೆ ಮಾಡಿ ಗೋಡೆಯ ಸಂದಿನಲ್ಲಿ ನುಸುಳುತ್ತದೆ. ಬಿಳಿಯ ಕಣಗಳು ಹೀಗೆ ನಾಳದಿಂದ ಹೊರಬರುವುದನ್ನು ಜರ್ಮನಿಯ ಯೂಲಿಯುಸ್ ಕೋನ್‌ಹೈಮ್ ಕಪ್ಪೆಯಲ್ಲಿ ಕಂಡು 1867ರಲ್ಲಿ ವರ್ಣಿಸಿದ್ದನು.

ಗಾಯಕ್ಕೆ ಕ್ರಿಮಿ ಹೊಕ್ಕಾಗ ಈ ದಂಡು ನಮ್ಮನ್ನು ಉಳಿಸುತ್ತದೆ. ಆದರೆ ಇಲ್ಲಿ ಕ್ರಿಮಿಯೆಲ್ಲಿದೆ? ಶತ್ರುವಿಲ್ಲದ ಊರಿನಲ್ಲಿ ದಂಡು ಆಯುಧ ಪ್ರಯೋಗಿಸಿದಂತೆ, ಕಣಗಳು ಕಾರುವ ಕಿಣ್ವಗಳೂ ಉಗ್ರ ಆಮ್ಲಜನಕ ಸಂಯುಕ್ತಗಳೂ ಬದುಕಿದ್ದ ನರಕೋಶಗಳನ್ನೇ ಸುಡುತ್ತವೆ, ನಾಳದ ಗೋಡೆ ಸಡಿಲಗೊಂಡು ನೀರು ಒಸರುತ್ತದೆ, ಮಿದುಳು ಊದಿಕೊಳ್ಳುತ್ತದೆ. ತಲೆಬುರುಡೆಯಾದರೋ ಹಿಗ್ಗದು. ಒಳಗಿನ ಒತ್ತಡ ಏರಿ, ಉಳಿದ ನಾಳಗಳೂ ಅದುಮಿಹೋಗಬಹುದು.

ಹಾಗಾದರೆ ಅಂಟನ್ನೇ ಮುಚ್ಚಿಬಿಟ್ಟರೆ? ಇಲಿಯ ಕೋಶಗಳಿಂದ ತಯಾರಿಸಿದ ಎನ್ಲಿಮೊಮ್ಯಾಬ್ ಎಂಬ ಪ್ರತಿಕಾಯ ನಾಳದ ಗೋಡೆಯ ಅಂಟುವ ಅಣುವೊಂದನ್ನು ಮುಚ್ಚುವಂಥದು. ಇದನ್ನು 625 ರೋಗಿಗಳಲ್ಲಿ ಪರೀಕ್ಷಿಸಿದ ಫಲ 2001ರಲ್ಲಿ ಪ್ರಕಟವಾಯಿತು. ಮದ್ದು ಪಡೆದವರಲ್ಲಿ ಶೇಕಡ 22.2 ಮಂದಿ ಸತ್ತಿದ್ದರು. ಮದ್ದಿಲ್ಲದ ಹುಸಿ ಚಿಕಿತ್ಸೆ ಪಡೆದವರಲ್ಲಿ ಶೇಕಡ 16.2. ಜ್ವರವೂ ಸೋಂಕುಗಳೂ ಮದ್ದು ಪಡೆದವರಲ್ಲೇ ಹೆಚ್ಚು. ಇಲಿಯ ಪ್ರತಿಕಾಯವನ್ನು ಮನುಷ್ಯನ ದೇಹ ಪರಕೀಯವೆಂದು ಕಂಡು ಇನ್ನಷ್ಟು ಕೆರಳಿರಬೇಕೆಂಬುದು ಒಂದು ವಿವರಣೆ. ಮನುಷ್ಯನ ಪ್ರತಿಕಾಯವನ್ನು ಹೋಲುವಂತೆ ಮಾರ್ಪಡಿಸಿದ ನಟಾಲಿಜುಮ್ಯಾಬನ್ನು ಮುಂದೆ 161 ಮಂದಿಯಲ್ಲಿ ಪರೀಕ್ಷಿಸಿದರು. 2017ರ ವರದಿಯಂತೆ, ಮಿದುಳಿನ ಸತ್ತ ಭಾಗ ಹರಡುವುದನ್ನು ಅದೂ ತಡೆಯಲಿಲ್ಲ.

ನಮಗೆ ತೋರುವಂತೆ ತೊಡಕಿರುವುದು ಕಾಲದಲ್ಲಿ. ಮೊದಲ ದಿನಗಳಲ್ಲಿ ಸುಡುವ ಈ ದಂಡಿನಲ್ಲೇ, ಮುಂದೆ ಸತ್ತ ಕೋಶಗಳನ್ನು ನುಂಗಿ ಜಾಗವನ್ನು ಶುದ್ಧಗೊಳಿಸಿ ದುರಸ್ತಿಗೆ ನೆರವಾಗುವ ಕೋಶಗಳೂ ಇವೆ. ಎಲ್ಲವನ್ನೂ ಬಹುಕಾಲ ತಡೆದರೆ ಈ ಕೆಲಸ ಕೆಡುತ್ತದೆ. ಹಾಸಿಗೆ ಹಿಡಿದ ರೋಗಿಯ ಶ್ವಾಸಕೋಶಕ್ಕೆ ಸೋಂಕು ತಗುಲುವ ಭಯವೂ ಬೆಳೆಯುತ್ತದೆ.

ಅಲ್ಪಕಾಲದ ತಡೆಯನ್ನು ಚೀನದ ಟಿಯಾನ್‌ಜಿನ್ ವೈದ್ಯರು ಪ್ರಯತ್ನಿಸಿದರು. ದುಗ್ಧಗ್ರಂಥಿಗಳಿಂದ ಲಿಂಫೋಸೈಟ್ ಎಂಬ ಬಿಳಿಯ ಕಣಗಳು ಹೊರಬಾರದಂತೆ ಹಿಡಿದಿಡುವ ಫಿಂಗೊಲಿಮಾಡನ್ನು ಮೂರು ದಿನ ಮಾತ್ರ ಕೊಟ್ಟರು. 2014ರ ಅವರ ವರದಿಯಂತೆ, ಮದ್ದು ಪಡೆದವರಲ್ಲಿ ಹಾನಿ ಹರಡಿದ್ದು ಕಡಿಮೆ, ಚೇತರಿಕೆ ಹೆಚ್ಚು. ಆದರೆ ಪರೀಕ್ಷೆಗೆ ಒಳಗಾದವರು ಒಟ್ಟು 22 ಮಂದಿ. ಅವರಲ್ಲಿ ಮದ್ದು ಪಡೆದವರು 11 ಮಂದಿ ಮಾತ್ರ.