ನಲಿಕಲಿ ಕೋಣೆಯ ದಿನಚರಿ: ಜೂನ್‌ನಲ್ಲೇ ರೂಢಿ ಮಾಡಿಸುವುದು ಹೇಗೆ?

ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ನೋಡಿಕೊಳ್ಳಲು ಒಬ್ಬರೇ ಶಿಕ್ಷಕಿ. ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೊಸದಾಗಿ ಬಂದವರು ಮೊದಲ ವಾರವೇ ಸುಸ್ತಾಗುತ್ತಾರೆ. "ಮಿಸ್, ಒಂದಕ್ಕೆ." "ಮಿಸ್, ಮೆಂಡರ್ ಇಲ್ಲ." "ಮಿಸ್, ಬರ್ದಾಯ್ತು, ಮುಂದೇನ್ ಮಾಡ್ಲಿ?" ಇವಕ್ಕೆ ಉತ್ತರ ಹೇಳುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ. ಮಕ್ಕಳು ತುಂಟರು ಎಂದು ಬೇಸರಿಸಬೇಡಿ. ಆ ಹೊತ್ತಿಗೆ ಏನು ಮಾಡಬೇಕು ಎಂಬುದನ್ನು ಅವರಿಗೆ ಇನ್ನೂ ಯಾರೂ ಕಲಿಸಿಲ್ಲ.

ಅದನ್ನು ಕಲಿಸುವುದೇ ರುಟೀನ್, ಅಂದರೆ ದಿನವೂ ಒಂದೇ ರೀತಿ ನಡೆಯುವ ಕೆಲಸದ ಕ್ರಮ. "ಗಲಾಟೆ ಮಾಡಬೇಡಿ" ಎಂದರೆ ಅದು ನಿಯಮ. ಚಪ್ಪಲಿ ಸಾಲಾಗಿ ಬಿಡು, ಚೀಲ ಗೋಡೆ ಪಕ್ಕ ಇಡು, ಹಾಜರಾತಿ ಪಟ್ಟಿಯಲ್ಲಿ ನಿನ್ನ ಹೆಸರಿನ ಮುಂದೆ ಗುರುತು ಹಾಕು, ನಿನ್ನ ಗುಂಪಿನಲ್ಲಿ ಕುಳಿತುಕೋ ಎಂದರೆ ಅದು ರುಟೀನ್. ನಿಯಮ ಮಗುವನ್ನು ತಡೆಯುತ್ತದೆ, ರುಟೀನ್ ಕೈಗೆ ಕೆಲಸ ಕೊಡುತ್ತದೆ.

ನಲಿಕಲಿಗೆ ಇದು ಬೇಕೇ ಬೇಕು. ಆಂಧ್ರದ ಋಷಿವ್ಯಾಲಿಯ ಮಾದರಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಶುರುವಾದ ಪದ್ಧತಿ ಇದು. ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿಕೊಳ್ಳುತ್ತದೆ. ಅಲ್ಲಿರುವ ಚಿತ್ರ ಮತ್ತು ಸಂಖ್ಯೆಗೆ ಹೊಂದುವ ಕಾರ್ಡ್ ತೆಗೆದುಕೊಂಡು ಅದಕ್ಕೆ ತಕ್ಕ ಗುಂಪಿನಲ್ಲಿ ಕೂರುತ್ತದೆ. ಗುಂಪುಗಳು ಐದು. ಶಿಕ್ಷಕರು ಪೂರ್ತಿ ಜೊತೆಗಿರುವುದು ಒಂದು ಗುಂಪಿಗೆ ಮಾತ್ರ. ಉಳಿದವರು ಸ್ವಲ್ಪ ಸಹಾಯದಿಂದ, ಗೆಳೆಯರ ಜೊತೆ ಅಥವಾ ತಾವೇ ಕಲಿಯಬೇಕು. ಅವರಿಗೆ ಕಾರ್ಡ್ ತೆಗೆಯುವ, ಇಡುವ ಕ್ರಮ ಗೊತ್ತಿಲ್ಲದಿದ್ದರೆ ನಿಮ್ಮ ಎದುರು ಕುಳಿತ ಗುಂಪಿಗೂ ನೀವು ಸಿಗುವುದಿಲ್ಲ.

ಹೇಗೆ ಶುರು ಮಾಡುವುದು? ಮೊದಲ ವಾರ ಮೂರೇ ರುಟೀನ್ ಸಾಕು: ಒಳಗೆ ಬರುವುದು, ಒಂದಕ್ಕೆ ಹೋಗುವುದು, ಕೈ ತೊಳೆಯುವುದು. ಪ್ರತಿಯೊಂದನ್ನೂ ಮೊದಲು ನೀವೇ ಮಾಡಿ ತೋರಿಸಿ. ಆಮೇಲೆ ಒಬ್ಬ ಹುಡುಗ, ಒಬ್ಬ ಹುಡುಗಿಯಿಂದ ಮಾಡಿಸಿ. ಕೊನೆಗೆ ಎಲ್ಲರೂ ಮಾಡಲಿ. ಬಾಯಲ್ಲಿ ಹೇಳಿದ್ದು ಆರು ವರ್ಷದ ಮಗುವಿನ ತಲೆಯಲ್ಲಿ ನಿಲ್ಲುವುದಿಲ್ಲ.

ಒಂದಕ್ಕೆ ಹೋಗುವುದನ್ನೇ ನೋಡಿ. ದಪ್ಪನೆಯ ಹಳೆಯ ಲಗ್ನಪತ್ರಿಕೆಯಿಂದ ಎರಡು ಕಾರ್ಡ್ ಕತ್ತರಿಸಿ. ಒಂದಕ್ಕೆ ಕೆಂಪು ದಾರ, ಹುಡುಗಿಯರಿಗೆ. ಇನ್ನೊಂದಕ್ಕೆ ಹಸಿರು ದಾರ, ಹುಡುಗರಿಗೆ. ಬಾಗಿಲ ಪಕ್ಕ, ಮಕ್ಕಳ ಕೈಗೆ ಎಟಕುವ ಎತ್ತರದಲ್ಲಿ ಬೇರೆ ಬೇರೆ ಮೊಳೆಗೆ ನೇತುಹಾಕಿ. ಹೋಗುವ ಮಗು ಕಾರ್ಡನ್ನು ಕೊರಳಿಗೆ ಹಾಕಿಕೊಂಡು ಹೋಗುತ್ತದೆ, ಬಂದ ಮೇಲೆ ಮೊಳೆಗೆ ಮರಳಿಸುತ್ತದೆ. ಮೊಳೆ ಖಾಲಿ ಇದ್ದರೆ ಯಾರೋ ಹೊರಗಿದ್ದಾರೆ ಎಂದು ನಿಮಗೂ ತಿಳಿಯುತ್ತದೆ, ಮಕ್ಕಳಿಗೂ ತಿಳಿಯುತ್ತದೆ. ನಿಮ್ಮನ್ನು ಕೇಳುವ ಅಗತ್ಯವೇ ಇಲ್ಲ. ಆದರೆ ಚಿಕ್ಕ ಮಕ್ಕಳಿಗೆ ತಡೆದುಕೊಳ್ಳಲು ಆಗುವುದಿಲ್ಲ. ಅವಸರವಾದರೆ ಕಾರ್ಡ್ ಇಲ್ಲದೆಯೂ ಓಡಬಹುದು ಎಂದು ಮೊದಲೇ ಹೇಳಿಡಿ.

ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯುವಾಗ ಎಲ್ಲರನ್ನೂ ಒಟ್ಟಿಗೆ ಬಿಡಬೇಡಿ. ಒಂದೊಂದೇ ಗುಂಪು ಹೋಗಲಿ. ಸೋಪನ್ನು ಬಲೆಯ ಚೀಲದಲ್ಲಿ ಹಾಕಿ ನಲ್ಲಿಗೆ ಕಟ್ಟಿದರೆ ಮಣ್ಣಿಗೂ ಬೀಳದು, ಕಳೆದೂ ಹೋಗದು.

ಈ ಮೂರು ರೂಢಿಯಾದ ಮೇಲೆ ಪೆನ್ಸಿಲ್ ಸರದಿ. ಮೆಂಡರ್ ಮತ್ತು ಚೂಪು ಮಾಡಿದ ನಾಲ್ಕೈದು ಪೆನ್ಸಿಲ್ ಒಂದು ಡಬ್ಬಿಯಲ್ಲಿರಲಿ. ಮೊನೆ ಮುರಿದವರು ತಮ್ಮದನ್ನು ಡಬ್ಬಿಗೆ ಹಾಕಿ ಚೂಪಾದದ್ದನ್ನು ತೆಗೆದುಕೊಳ್ಳಲಿ.

"ಇದಕ್ಕೆಲ್ಲ ಸಮಯ ಕೊಟ್ಟರೆ ಪಾಠ ಯಾವಾಗ?" ಎಂದು ನೀವು ಕೇಳಬಹುದು. ಜೂನ್ ಹೇಗೂ ಸೇತುಬಂಧದ, ಅಂದರೆ ಹಿಂದಿನ ಕಲಿಕೆಯನ್ನು ಗಟ್ಟಿ ಮಾಡಿಸುವ ಕಾಲ. ಆಗ ದಿನಕ್ಕೆ ಕಾಲು ಗಂಟೆ ಇದಕ್ಕೆ ಮೀಸಲಿಟ್ಟರೆ ಜುಲೈನಿಂದ ಆ ಸಮಯ ನಿಮಗೇ ಉಳಿಯುತ್ತದೆ. ಮಗು ಮರೆತರೆ? "ಬಾ, ಇನ್ನೊಂದ್ಸಲ ಮಾಡು" ಎನ್ನಿ, ಅಷ್ಟೇ. ಹೊಡೆಯುವುದು, ಹೀಯಾಳಿಸುವುದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಪ್ರಕಾರ ನಿಷಿದ್ಧ. ಬೈಸಿಕೊಂಡ ಮಗು ಕ್ರಮ ಕಲಿಯುವುದೂ ಇಲ್ಲ, ನಿಮ್ಮ ಕಣ್ಣು ತಪ್ಪಿಸುವುದನ್ನಷ್ಟೇ ಕಲಿಯುತ್ತದೆ. ದಸರಾ ರಜೆ ಮುಗಿಸಿ ಬಂದಾಗ ಎಲ್ಲರೂ ಮರೆತಿರುತ್ತಾರೆ. ಎರಡು ದಿನ ಮತ್ತೆ ಅಭ್ಯಾಸ ಮಾಡಿಸಿ.

ಪ್ರತಿ ಗುಂಪಿಗೂ ಒಬ್ಬ ನಾಯಕರಿರಲಿ. ಅವರನ್ನು ವಾರಕ್ಕೊಮ್ಮೆ ಹಾಜರಾತಿ ಕ್ರಮದಲ್ಲಿ ಬದಲಿಸಿ. ಜಾಣರಿಗೇ ಮತ್ತೆ ಮತ್ತೆ ಕೊಟ್ಟರೆ ಮಾತಾಡದ ಮಗು ಮೂಲೆಯಲ್ಲೇ ಉಳಿಯುತ್ತದೆ. ಕೋಣೆಯ ಕೆಲಸಗಳನ್ನೂ ಸರದಿಯಲ್ಲಿ ಕೊಡಿ. ಕಸದ ಬುಟ್ಟಿ ಹುಡುಗಿಯರಿಗೆ, ಗಂಟೆ ಹೊಡೆಯುವುದು ಹುಡುಗರಿಗೆ ಎಂದು ಹಂಚಬೇಡಿ. ಶೌಚಾಲಯ ತೊಳೆಯುವುದಂತೂ ಮಕ್ಕಳ ಸರದಿಗೆ ಸೇರಲೇಕೂಡದು. ಶಿಕ್ಷಣ ಇಲಾಖೆಯೇ ಅದನ್ನು ನಿಷೇಧಿಸಿದೆ.

ಖರ್ಚು? ದಾರ, ರಟ್ಟು, ಸ್ಕೆಚ್ ಪೆನ್ನು, ಸೋಪು, ಒಂದೆರಡು ಡಬ್ಬಿ. ಅರ್ಧ ಸಾಮಾನು ಮನೆಯಲ್ಲೇ ಇರುತ್ತದೆ. ಉಳಿದದ್ದಕ್ಕೆ ಶಾಲಾ ಅನುದಾನದಲ್ಲಿ ಅವಕಾಶವಿದೆಯೇ ಎಂದು ಮುಖ್ಯ ಶಿಕ್ಷಕರನ್ನು ಕೇಳಿ. ಕಲಿಕಾ ಏಣಿ, ಕಾರ್ಡ್, ಮಕ್ಕಳ ಕಲಿಕೆ ದಾಖಲಿಸುವ ಪ್ರಗತಿ ನೋಟ ಇಲಾಖೆಯಿಂದ ಬರುವಂಥವು. ಯಾವುದಾದರೂ ಕಡಿಮೆ ಬಿದ್ದಿದ್ದರೆ ನಿಮ್ಮ ಕ್ಲಸ್ಟರಿನ ಸಿಆರ್‌ಪಿಗೆ, ಅಂದರೆ ಸಂಪನ್ಮೂಲ ವ್ಯಕ್ತಿಗೆ, ಬರೆದುಕೊಡಿ. ಹತ್ತಿರದಲ್ಲಿ ಯಾರ ನಲಿಕಲಿ ಕೋಣೆ ಚೆನ್ನಾಗಿ ನಡೆಯುತ್ತಿದೆ ಎಂಬುದೂ ಅವರಿಗೆ ಗೊತ್ತಿರುತ್ತದೆ. ಅನುಮತಿ ಪಡೆದು ಒಂದು ಬೆಳಿಗ್ಗೆ ಅಲ್ಲಿಗೆ ಹೋಗಿ. ಪ್ರಾರ್ಥನೆ ಮುಗಿದ ಮೇಲಿನ ಮೊದಲ ಅರ್ಧ ಗಂಟೆ ಹಿಂದೆ ಕುಳಿತು, ಮಕ್ಕಳು ಮಿಸ್ಸನ್ನು ಕೇಳದೆ ಏನೇನು ಮಾಡುತ್ತಾರೆ ಎಂದು ಗುರುತು ಹಾಕಿಕೊಂಡು ಬನ್ನಿ.