ಎರಡು ಚಕ್ರ, ಒಂದೇ ಹಟ

ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಹಿಂದಿನ ಎರಡೂ ಚಕ್ರ ನೆಲ ಬಿಡುವಂತೆ ಜಾಕ್ ಕೊಟ್ಟು, ಎಡಗಡೆಯದನ್ನು ಕೈಯಲ್ಲಿ ಮುಂದಕ್ಕೆ ತಿರುಗಿಸಿ ನೋಡಿ. ಬಲಗಡೆಯದು ಹಿಂದಕ್ಕೆ ತಿರುಗುತ್ತದೆ. ಜೀಪಾಗಲಿ, ಪಿಕಪ್ ಆಗಲಿ, ಲಾರಿಯಾಗಲಿ, ಕಂಪನಿಯಿಂದ ಬಂದ ಹಾಗೇ ಇರುವ ಸಾಮಾನ್ಯ ಗಾಡಿಯ ಸ್ವಭಾವ ಇದು. ಎರಡೂ ಚಕ್ರ ಒಂದೇ ದಿಕ್ಕಿಗೆ, ಒಂದೇ ಲೆಕ್ಕದಲ್ಲಿ ತಿರುಗಿದವೆನ್ನಿ. ಆಗ ಆಕ್ಸಲ್ ನಡುವಿನ ಉಬ್ಬಿದ ಹೌಸಿಂಗ್ ಒಳಗೆ ಲಾಕ್ ಬಿದ್ದಿರಬೇಕು, ಇಲ್ಲವೇ ಯಾರೋ ಅಲ್ಲಿರುವ ಡಿಫರೆನ್ಶಿಯಲ್‌ಗೆ ವೆಲ್ಡಿಂಗ್ ಹೊಡೆದಿರಬೇಕು.

ಕೆಸರಿನಲ್ಲಿ ಹೂತು ಹೋಗುವ ಗಾಡಿಗೆ ಜಗತ್ತಿನಾದ್ಯಂತ ಗ್ಯಾರೇಜುಗಳು ಕಂಡುಕೊಂಡ ಅತಿ ಅಗ್ಗದ ಮದ್ದು ಈ ವೆಲ್ಡಿಂಗ್. ಅಮೆರಿಕದ ಜೀಪು ಮೋಹಿಗಳು ಇದನ್ನು ‘ಲಿಂಕನ್ ಲಾಕರ್’ ಎಂದು ಕರೆಯುತ್ತಾರೆ. ಲಿಂಕನ್ ಎಂಬ ಲಾಕ್ ಕಂಪನಿ ಯಾವುದೂ ಇಲ್ಲ. ವೆಲ್ಡಿಂಗ್ ಮೆಷಿನ್ ಮಾಡುವ ಲಿಂಕನ್ ಎಲೆಕ್ಟ್ರಿಕ್ ಕಂಪನಿಯ ಹೆಸರನ್ನೇ ಪ್ರೀತಿಯಿಂದ ಅಂಟಿಸಿಕೊಂಡಿದ್ದಾರೆ.

ಅಂಥ ಕೆಸರು ನಮ್ಮ ಕಡೆ ಧಾರಾಳ. ಬಿ.ಸಿ.ರೋಡಿಗೂ ಮಾಣಿಗೂ ನಡುವೆ ರಾಷ್ಟ್ರೀಯ ಹೆದ್ದಾರಿ 75ರ ಮೇಲಿರುವ ಕಲ್ಲಡ್ಕವನ್ನು ಹೊರಗಿನವರು ಗುರುತಿಸುವುದು ಕೆ.ಟಿ. ಚಹಾದಿಂದ. ಮಂಗಳೂರಿನಿಂದ ಶಿರಾಡಿ ಘಾಟಿಗೆ ಹೊರಟ ಲಾರಿಗಳ ದಾರಿ ಇದೇ. ಮೇಲ್ಸೇತುವೆ ಕಟ್ಟುತ್ತಿದ್ದ ವರ್ಷಗಳಲ್ಲಿ ಮಳೆಗಾಲ ಬಂತೆಂದರೆ ಹೆದ್ದಾರಿಯೇ ಗದ್ದೆಯಂತಾಗುತ್ತಿದ್ದುದನ್ನು ಈ ಪೇಟೆಯವರು ಮರೆತಿಲ್ಲ. ಹೆದ್ದಾರಿ ಬಿಟ್ಟು ಒಳಗೆ ಇಳಿದರೆ ಅಡಿಕೆ ತೋಟದ ಇಳಿಜಾರು, ರಬ್ಬರ್ ಗುಡ್ಡೆ, ಕೆಂಪು ಕಲ್ಲಿನ ಕೋರೆ. ಬೆಳ್ತಂಗಡಿಯತ್ತ ಹೋದಂತೆ ಗುಡ್ಡೆಗಳು ಎದ್ದು ಚಾರ್ಮಾಡಿ ಘಾಟಿಯ ಗೋಡೆಗೆ ತಾಗುತ್ತವೆ. ಮೂಡುಬಿದಿರೆಯ ಕಡೆಗೂ ಕೆಂಪು ಮಣ್ಣಿನ ಏರುತಗ್ಗೇ. ವರ್ಷಕ್ಕೆ ಹತ್ತಿರ ಹತ್ತಿರ 4000 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ತೋಟದ ಮಣ್ಣುದಾರಿಯಲ್ಲಿ ಗೊಬ್ಬರದ ಚೀಲ ಹೊತ್ತ ಪಿಕಪ್ಪಿನ ಒಂದು ಚಕ್ರ ಜಾರಿದರೆ ಸಾಕು, ಗಾಡಿ ಅಲ್ಲೇ ನಿಂತಿತು.

ನಾಲ್ಕು ಚಕ್ರದಲ್ಲಿ ಒಂದು ಜಾರಿದರೆ ಗಾಡಿ ಪೂರ್ತಿ ಯಾಕೆ ನಿಲ್ಲಬೇಕು?

ಉತ್ತರ ತಿರುವಿನಲ್ಲಿದೆ. ಗಾಡಿ ತಿರುಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ದೂರ ಓಡಬೇಕು. ಚಕ್ರಗಳ ನಡುವೆ 1.3 ಮೀಟರ್ ಅಂತರವಿರುವ ಜೀಪು ಚಾರ್ಮಾಡಿಯ ಹೇರ್‌ಪಿನ್ ತಿರುವಿನಲ್ಲಿ ಪೂರ್ತಿ ಹಿಂದಕ್ಕೆ ಹೊರಳಿದರೆ, ಹೊರಗಿನ ಚಕ್ರ ಸುಮಾರು 4 ಮೀಟರ್ ಹೆಚ್ಚು ಓಡುತ್ತದೆ. 1.8 ಮೀಟರ್ ಅಂತರದ ಲಾರಿಯಾದರೆ ಐದೂವರೆ ಮೀಟರ್ ದಾಟುತ್ತದೆ. ತಿರುವು ಚಿಕ್ಕದೋ ದೊಡ್ಡದೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ, ಚಕ್ರಗಳ ನಡುವಿನ ಅಂತರವೊಂದೇ ಮುಖ್ಯ. ಎತ್ತಿನ ಗಾಡಿಗೆ ಈ ತಾಪತ್ರಯ ಇರಲಿಲ್ಲ, ಅದರ ಎರಡು ಚಕ್ರಗಳು ತಮ್ಮ ತಮ್ಮ ಪಾಡಿಗೆ ತಿರುಗುತ್ತವೆ. ಒಂದೇ ಎಂಜಿನ್ ಎರಡೂ ಚಕ್ರಗಳನ್ನು ತಳ್ಳಬೇಕಾದಾಗ ಸಮಸ್ಯೆ ಹುಟ್ಟಿತು. ಫ್ರಾನ್ಸಿನ ಒನೆಸಿಫೋರ್ ಪೆಕರ್ ತನ್ನ ಉಗಿ ಗಾಡಿಗಾಗಿ, ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಶಿಯಲ್ ರೂಪಿಸಿ 1828ರಲ್ಲಿ ಪೇಟೆಂಟ್ ಪಡೆದ. ಪೆಟ್ರೋಲ್ ಕಾರು ಹುಟ್ಟುವುದಕ್ಕೆ ಅರ್ಧ ಶತಮಾನಕ್ಕೂ ಮೊದಲಿನ ಮಾತು.

ಈಗಿನ ಗಾಡಿಯಲ್ಲಿ ಅದು ಇರುವುದು ಹೀಗೆ: ಹೌಸಿಂಗ್ ಒಳಗೆ ದೊಡ್ಡ ಕ್ರೌನ್ ಗಾಲಿ. ಅದಕ್ಕೆ ಬೋಲ್ಟ್ ಮಾಡಿದ ಡಬ್ಬಿಯೊಳಗೆ ಎರಡು ಆಕ್ಸಲ್‌ಗಳ ತುದಿಗೆ ಒಂದೊಂದು ಗೇರ್. ಅವೆರಡರ ನಡುವೆ ಅಡ್ಡಲಾಗಿ ಕೂತ ಚಿಕ್ಕ ಸ್ಪೈಡರ್ ಗೇರುಗಳು. ನೇರ ರಸ್ತೆಯಲ್ಲಿ ಇವು ಸುಮ್ಮನೆ ಕೂತು ಎರಡು ಕಡೆಗೂ ಸಮನಾಗಿ ತಳ್ಳುತ್ತವೆ, ತಿರುವಿನಲ್ಲಿ ತಾವೂ ಉರುಳಿ ಒಂದು ಚಕ್ರವನ್ನು ನಿಧಾನಿಸಿ ಇನ್ನೊಂದನ್ನು ಓಡಿಸುತ್ತವೆ. ಈ ಸಮಪಾಲೇ ಕೆಸರಿನಲ್ಲಿ ಶತ್ರುವಾಗುತ್ತದೆ. ಎಡ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿದ್ದರೆ ಅದನ್ನು ತಿರುಗಿಸಲು ಬಲವೇ ಬೇಡ. ಅದಕ್ಕೆ ಸಿಕ್ಕಷ್ಟೇ ಬಲ ಗಟ್ಟಿ ನೆಲದಲ್ಲಿರುವ ಬಲ ಚಕ್ರಕ್ಕೂ ಸಿಗುತ್ತದೆ, ಅಂದರೆ ಹೆಚ್ಚುಕಡಿಮೆ ಏನೂ ಇಲ್ಲ. ಫೋರ್‌ವೀಲ್ ಗಾಡಿಯಾದರೂ ಪಾರಿಲ್ಲ. ಕೊಡಚಾದ್ರಿಯ ದಾರಿಯಲ್ಲೋ ಮಡಿಕೇರಿಯ ಮಾಂದಲಪಟ್ಟಿಯಲ್ಲೋ ಹೋಗಿಬಂದವರಿಗೆ ಗೊತ್ತು, ಕೊರಕಲಿನಲ್ಲಿ ಜೀಪು ಓರೆಯಾದಾಗ ಮುಂದಿನದೊಂದು, ಹಿಂದಿನದೊಂದು, ಮೂಲೆಗೆ ಮೂಲೆ ಎರಡು ಚಕ್ರ ಹಗುರಾಗುತ್ತವೆ. ಲಾಕ್ ಇಲ್ಲದ ಜೀಪಿನಲ್ಲಿ ಆ ಎರಡೂ ಬರಿದೇ ಸುತ್ತಿದರೆ ಉಳಿದೆರಡು ಸುಮ್ಮನಿರುತ್ತವೆ.

ಕಲ್ಲು, ಮಡಲು, ಗೋಣಿಚೀಲವನ್ನು ಚಕ್ರದಡಿಗೆ ಕೊಡುವುದು ಹಳೆಯ ಉಪಾಯ. ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಗಳನ್ನೇ ಹಿಡಿಯುವ ಗಾಡಿಯಾದರೆ ಅದನ್ನು ಅರ್ಧ ಎಳೆದು ನಿಧಾನವಾಗಿ ಎಕ್ಸಲರೇಟರ್ ಕೊಡುವುದು ಇನ್ನೊಂದು. ಬರಿದೇ ಸುತ್ತುವ ಚಕ್ರಕ್ಕೆ ತಡೆ ಸಿಕ್ಕಿತೆಂದರೆ ಇನ್ನೊಂದಕ್ಕೂ ಅಷ್ಟು ಬಲ ಹೋಗುತ್ತದೆ. ಇದು ಬುದ್ಧಿವಂತ ಚಾಲಕರ ವಿದ್ಯೆ, ಎಷ್ಟೋ ಗಾಡಿಗಳನ್ನು ಹಗ್ಗವಿಲ್ಲದೆ ಮೇಲೆತ್ತಿದೆ.

ಇಷ್ಟರಿಂದ ಸಾಗದವರು ವೆಲ್ಡಿಂಗ್‌ಗೆ ಬರುತ್ತಾರೆ. ತತ್ವ ಸರಳ: ಸ್ಪೈಡರ್ ಗೇರುಗಳನ್ನು ಆಕ್ಸಲ್ ಗೇರುಗಳಿಗೆ ಬೆಸೆದುಬಿಟ್ಟರೆ ಅವು ಉರುಳುವುದೇ ನಿಲ್ಲುತ್ತದೆ. ಎರಡು ಆಕ್ಸಲ್‌ಗಳು ಒಂದೇ ಸರಳಾಗುತ್ತವೆ, ಹಿಡಿತವಿರುವ ಚಕ್ರಕ್ಕೆ ಬಲ ಸಿಕ್ಕೇ ಸಿಗುತ್ತದೆ. ಕೆಲಸ ಮಾತ್ರ ಸರಳವಲ್ಲ, ಕಸುಬುದಾರನ ಕೈ ತಿಳಿಯುವುದೇ ಇಲ್ಲಿ.

ಮೊದಲು ಗೇರ್ ಆಯಿಲ್ ಇಳಿಸಬೇಕು, ಆಕ್ಸಲ್‌ಗಳನ್ನು ಹೊರಗೆಳೆಯಬೇಕು, ಕ್ರೌನ್ ಸಮೇತ ಡಬ್ಬಿಯನ್ನು ಬಿಚ್ಚಿ ತೆಗೆಯಬೇಕು. ಆಮೇಲೆ ಗೇರುಗಳ ಹಲ್ಲಿನ ಸಂದಿಸಂದಿಯಿಂದ ಎಣ್ಣೆ ಹೋಗಬೇಕು. ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿದರೆ ಸಾಲದು, ಜಿಡ್ಡು ಉಳಿದಲ್ಲೆಲ್ಲ ಬೆಸುಗೆಯೊಳಗೆ ಗಾಳಿಗುಳ್ಳೆ ಕೂರುತ್ತದೆ. ಮುಂದಿನ ತೊಡಕು ಉಕ್ಕಿನದು. ಗೇರಿನ ಹಲ್ಲು ಸವೆಯಬಾರದೆಂದು ಅದರ ಹೊರಮೈಗೆ ಇಂಗಾಲ ಸೇರಿಸಿ ಗಡಸು ಮಾಡಿರುತ್ತಾರೆ, ಒಳಗೆ ಮೆತ್ತಗಿನ ಉಕ್ಕು ಇರುತ್ತದೆ. ಗಡಸು ಮೈಗೆ ತಣ್ಣಗಿರುವಾಗಲೇ ಆರ್ಕ್ ಹೊಡೆದರೆ ಬೆಸುಗೆಯ ಪಕ್ಕದ ಉಕ್ಕು ಗಾಜಿನಂತೆ ಬಿರುಸಾಗಿ, ಕಣ್ಣಿಗೆ ಕಾಣದ ಸೀಳು ಬಿಡುತ್ತದೆ. ಅದಕ್ಕೇ ತಿಳಿದವರು ಗೇರುಗಳನ್ನು ಇನ್ನೂರು ಡಿಗ್ರಿಯ ಮೇಲಕ್ಕೆ ಬಿಸಿ ಮಾಡಿಕೊಂಡು, ಒಣಗಿಸಿಟ್ಟ 7018 ರಾಡ್ ಹಿಡಿದು ಕೂರುತ್ತಾರೆ. ತೇವ ಹೀರಿದ ರಾಡ್ ಈ ಕೆಲಸಕ್ಕೆ ಆಗದು. ನಮ್ಮ ಮಳೆಗಾಲದ ಆಟಿ ತಿಂಗಳ ಗಾಳಿಯಲ್ಲಿ ತೆರೆದಿಟ್ಟ ಪ್ಯಾಕೆಟ್ಟು ತೇವ ಹೀರಲು ಹೆಚ್ಚು ಹೊತ್ತು ಬೇಡ.

ಅರ್ತಿಂಗ್ ಕ್ಲಾಂಪನ್ನು ಬೆಸೆಯುವ ಡಬ್ಬಿಗೇ ಕಚ್ಚಿಸಬೇಕು. ಡಬ್ಬಿಯನ್ನು ಬಿಚ್ಚದೆ ಗಾಡಿಯಲ್ಲೇ ಬೆಸೆಯುವವರು ದೂರದ ಚಾಸಿಗೆ ಕಚ್ಚಿಸಿದರೆ ಕರೆಂಟು ಬೇರಿಂಗ್ ಮೂಲಕ ಹರಿದು ಅದರ ಮೈ ಸುಡುತ್ತದೆ. ಕಿಡಿ ಹಾರಿ ಕ್ರೌನ್ ಹಲ್ಲಿನ ಮೇಲೆ ಕೂರದಂತೆ ಮುಚ್ಚಬೇಕು. ಆಕ್ಸಲ್ ತೂರುವ ಪಟ್ಟೆಹಲ್ಲಿನ ತೂತಿಗೆ ಒಂದು ಹನಿ ಲೋಹ ಬಿದ್ದರೂ ಮತ್ತೆ ಆಕ್ಸಲ್ ಒಳಹೋಗದು. ಹಲ್ಲಿಗೆ ಹಲ್ಲು ಮಾತ್ರ ಬೆಸೆಯದೆ, ನಡುವಿನ ಖಾಲಿ ಜಾಗಕ್ಕೆ ಅಳತೆಗೆ ಕತ್ತರಿಸಿದ ಉಕ್ಕಿನ ತುಂಡು ಕೂರಿಸಿ ಅದರ ಸುತ್ತ ಬೆಸೆಯುವವರ ಕೆಲಸ ಹೆಚ್ಚು ಬಾಳುತ್ತದೆ. ಎಲ್ಲ ಮುಗಿದ ಮೇಲೆ ನೀರು ಹೊಡೆಯುವಂತಿಲ್ಲ. ಮರಳಿನಲ್ಲೋ ಬೂದಿಯಲ್ಲೋ ಹೂತಿಟ್ಟು ತಾನಾಗಿ ತಣಿಯಲು ಬಿಡಬೇಕು. ಇಂಥ ತಾಳ್ಮೆಗೆ ಗೌರವ ಸಲ್ಲಬೇಕು. ಒಂದು ಪ್ಯಾಕೆಟ್ ರಾಡ್, ಒಂದು ದಿನದ ಕೂಲಿ, ಇಷ್ಟರಲ್ಲಿ ಕೆಸರು ಗೆಲ್ಲುವ ಗಾಡಿ ಸಿದ್ಧವಾಗುತ್ತದೆ.

ಬೆಲೆ ತೆರಬೇಕಾದುದು ಡಾಮರಿನ ಮೇಲೆ. ಚಾರ್ಮಾಡಿಯ ಆ ತಿರುವಿನಲ್ಲಿ ನಾಲ್ಕು ಮೀಟರಿನ ವ್ಯತ್ಯಾಸವನ್ನು ತೀರಿಸಲು ಈಗ ಗೇರುಗಳಿಲ್ಲ, ಟೈರೇ ತೀರಿಸಬೇಕು. ಅದು ಕಿರುಚುತ್ತದೆ, ಉಜ್ಜುತ್ತದೆ, ಸವೆಯುತ್ತದೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಎಳೆಯುತ್ತದೆ. ಮಳೆ ಬಿದ್ದು ನುಣುಪಾದ ರಸ್ತೆಯಲ್ಲಿ ಇದು ತಿರುಗುಬಾಣ: ಎರಡೂ ಚಕ್ರ ಒಟ್ಟಿಗೆ ಹಿಡಿತ ಬಿಟ್ಟು ಹಿಂಭಾಗ ಹೊರಕ್ಕೆ ಬೀಸುತ್ತದೆ. ಆಕ್ಸಲ್ ಮುರಿಯುವ ಅಪಾಯವೂ ಹೆಚ್ಚು, ಏಕೆಂದರೆ ಹಂಚಿಹೋಗುತ್ತಿದ್ದ ಬಲವನ್ನೆಲ್ಲ ಈಗ ಒಂದೇ ಆಕ್ಸಲ್ ಹೊರುವ ಗಳಿಗೆಗಳು ಬರುತ್ತವೆ. ಲಾರಿಯ ಆಕ್ಸಲ್ ಮುರಿದರೆ ಚಕ್ರ ಹಬ್ಬಿನ ಮೇಲೆ ಉಳಿಯುತ್ತದೆ. ಆಕ್ಸಲ್ಲೇ ಚಕ್ರವನ್ನು ಹೊತ್ತಿರುವ ಹಗುರ ಗಾಡಿಗಳಲ್ಲಿ ಚಕ್ರವೇ ಕಳಚಿ ಹೋಗಬಹುದು. ಈಗಿನ ಎಬಿಎಸ್ ಗಾಡಿಗಳ ಲೆಕ್ಕಾಚಾರವೂ ಇದರಿಂದ ತಪ್ಪುತ್ತದೆ.

ಈ ಊರುಗಳ ಮಟ್ಟಿಗೆ ನಿರ್ಣಾಯಕ ವಿಷಯ ಇದೇ. ಇಲ್ಲಿ ಕೆಸರೂ ಡಾಮರೂ ಬೇರೆ ಬೇರೆ ಲೋಕಗಳಲ್ಲ. ಕೋರೆಯಿಂದ ಕೆಂಪು ಕಲ್ಲು ಹೊತ್ತ ಲಾರಿ ನೂರು ಮಾರು ಕೆಸರು ದಾಟಿ ಹೆದ್ದಾರಿಗೆ ಏರುತ್ತದೆ. ತೋಟದ ಪಿಕಪ್ ಸಂಜೆ ಅಡಿಕೆ ಹೊತ್ತು ಬಂಟ್ವಾಳ ಪೇಟೆಗೆ ಬರಬೇಕು. ಶಾಲೆ ಮಕ್ಕಳನ್ನು ಕೂರಿಸಿಕೊಂಡು ಬೆಳ್ತಂಗಡಿಯ ಒಳದಾರಿಗಳಲ್ಲಿ ಓಡುವ ಸರ್ವಿಸ್ ಜೀಪಿಗೆ ಡಿಫರೆನ್ಶಿಯಲ್ ಬೆಸೆಯುವುದು ಯಾವ ಕಾರಣಕ್ಕೂ ಸಲ್ಲದು. ಬೆಸುಗೆ ಒಪ್ಪುವುದು ಗೇಟು ದಾಟದ ಹಳೆಯ ಎಸ್ಟೇಟ್ ಗಾಡಿಗೆ, ಸ್ಪರ್ಧೆಗೆಂದೇ ಟ್ರಕ್ಕಿನ ಮೇಲೆ ಹೊತ್ತು ಒಯ್ಯುವ ಜೀಪಿಗೆ.

ಬೇಕಾದಾಗ ಬೆಸೆದು ಬೇಡದಾಗ ಬಿಡಿಸುವ ಉಪಾಯ ನಮ್ಮ ಗದ್ದೆಗಳಲ್ಲೇ ಬಹಳ ಕಾಲದಿಂದ ಇದೆ. ಟ್ರ್ಯಾಕ್ಟರ್ ಚಾಲಕನ ಹಿಮ್ಮಡಿಯ ಬಳಿ ಇರುವ ಚಿಕ್ಕ ಪೆಡಲ್ ಡಿಫರೆನ್ಶಿಯಲ್ ಲಾಕ್. ಚಕ್ರ ಹೂತಾಗ ಒತ್ತುತ್ತಾನೆ, ಗದ್ದೆಯ ತುದಿಯಲ್ಲಿ ತಿರುಗಿಸುವ ಮೊದಲು ಬಿಡುತ್ತಾನೆ. ಪವರ್ ಟಿಲ್ಲರ್‌ನಲ್ಲಂತೂ ಡಿಫರೆನ್ಶಿಯಲ್ಲೇ ಇಲ್ಲ, ಎರಡೂ ಚಕ್ರ ಒಟ್ಟಿಗೇ ತಿರುಗುತ್ತವೆ. ತಿರುಗಬೇಕಾದಾಗ ಆ ಬದಿಯ ಕ್ಲಚ್ ಹಿಡಿದು ಒಂದು ಚಕ್ರವನ್ನು ಎಂಜಿನ್‌ನಿಂದ ಬಿಡಿಸುತ್ತಾರೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಬಿಡಿಸಿದ ಚಕ್ರವೇ ವೇಗವಾಗಿ ಉರುಳಿ ಟಿಲ್ಲರ್ ಉಲ್ಟಾ ತಿರುಗುತ್ತದೆ. ಹೊಸಬರು ಬೀಳುವುದು ಅಲ್ಲೇ.

ಟಿಪ್ಪರ್‌ಗಳಲ್ಲಿ ಡ್ಯಾಶ್‌ಬೋರ್ಡಿನ ಸ್ವಿಚ್ ಒತ್ತಿದರೆ ಗಾಳಿಯ ಒತ್ತಡದಿಂದ ಲಾಕ್ ಬೀಳುತ್ತದೆ. ಫೋರ್ಸ್ ಗೂರ್ಖಾದಲ್ಲಿ ಮುಂದೆ, ಹಿಂದೆ ಎರಡೂ ಆಕ್ಸಲ್‌ಗಳಿಗೆ ಚಾಲಕನೇ ಹಾಕುವ ಲಾಕ್ ಇದೆ. ಮಹೀಂದ್ರ ಥಾರ್‌ಗೆ 2015ರಲ್ಲಿ ತಾನಾಗಿ ಬೀಳುವ ಹಿಂದಿನ ಲಾಕ್ ಬಂತು. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ನೂರು ಸುತ್ತಿನಷ್ಟು ಅಂತರ ಕಂಡರೆ ಅದು ಕಚ್ಚುತ್ತದೆ, ಗಾಡಿ ವೇಗವಾಗಿ ಓಡುವಾಗ ಕಚ್ಚುವುದಿಲ್ಲ. ಹಳೆಯ ಜೀಪುಗಳಿಗೂ ಹೊರಗಿನಿಂದ ತಂದು ಕೂರಿಸುವ ಲಾಕರ್‌ಗಳಿವೆ. ಬೆಲೆ ಕೇಳಿದ ಮೇಲೆ ವೆಲ್ಡಿಂಗ್ ಕಡೆ ಕಣ್ಣು ಹೋಗುವುದು ಸಹಜ.

ಕಾನೂನೂ ನಡುವೆ ನಿಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಗಾಡಿ ಕಂಪನಿ ಕೊಟ್ಟ ವಿವರಕ್ಕೆ ಹೊಂದದಂತೆ ಬದಲಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ ವಿಧಿಸುವ ಅವಕಾಶ ಬಂತು. ರಸ್ತೆಗಿಳಿದ ಗಾಡಿಗೆ ಅಪಘಾತವಾದರೆ ವಿಮೆಯವರೂ ಇದನ್ನೇ ಹಿಡಿದು ಪ್ರಶ್ನಿಸಬಹುದು.

ತೋಟದೊಳಗಿನ ಗಾಡಿಗೆ ಬೆಸೆದಾಯಿತು ಎನ್ನಿ. ಕೆಲವೇ ದಿನ ಓಡಿಸಿ ಗೇರ್ ಆಯಿಲ್ ಇಳಿಸಿ, ಬಿಳಿ ಬಟ್ಟೆಯ ಮೇಲೆ ಸುರಿದು ಲೋಹದ ಪುಡಿ ಇದೆಯೇ ನೋಡಬೇಕು. ಬೆಸುಗೆಯ ಚೂರು ಕಳಚಿ ಕ್ರೌನ್‌ಗೂ ಅದನ್ನು ತಿರುಗಿಸುವ ಪಿನಿಯನ್‌ಗೂ ನಡುವೆ ಸಿಕ್ಕಿದರೆ ಇಡೀ ಹೌಸಿಂಗ್ ಹೋಗುತ್ತದೆ. ಗೇಟಿನೊಳಗೂ ತಿರುವುಗಳನ್ನು ಆದಷ್ಟು ಅಗಲವಾಗಿ, ಮೆತ್ತಗಿನ ಮಣ್ಣಿನ ಮೇಲೆಯೇ ತೆಗೆಯಬೇಕು. ಮಳೆಗಾಲ ಮುಗಿದ ಮೇಲೆ, ಅಡಿಕೆ ಕೊಯ್ಲಿನ ಓಡಾಟ ಶುರುವಾಗುವ ಮೊದಲು, ಒಮ್ಮೆ ಬಿಚ್ಚಿ ಬೆಸುಗೆಯ ಅಂಚಿನಲ್ಲಿ ಸೀಳು ಬಿಟ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಿ ಮುಚ್ಚಬೇಕು.