ದೋಣಿ ಎಳೆಯುವ ವಾಹನದ ಆಯ್ಕೆ

ಫೈಬರ್ ದೋಣಿಗಳನ್ನು ಟ್ರೇಲರಿನ ಮೇಲೆ ಗಿರಾಕಿಗೆ ತಲುಪಿಸುವ ತಯಾರಕರು ವಾಹನ ಕೊಳ್ಳುವಾಗ ಅಶ್ವಶಕ್ತಿಯನ್ನೇ ಮೊದಲು ವಿಚಾರಿಸುವುದುಂಟು. ವಿಚಾರಿಸಬೇಕಾದುದು ತೂಕವನ್ನು. ದೋಣಿ 700 ಕಿಲೋ, ಟ್ರೇಲರ್ 300, ಎಂಜಿನ್ 120, ನಲವತ್ತು ಲೀಟರ್ ಪೆಟ್ರೋಲ್ ಸುಮಾರು 30 ಎಂದಿಟ್ಟುಕೊಂಡರೆ ಒಟ್ಟು 1,150 ಕಿಲೋ. ವಾಹನದ ಕೈಪಿಡಿಯಲ್ಲಿ ನಮೂದಿಸಿದ ಎಳೆಯುವ ಮಿತಿಯು ಇದಕ್ಕಿಂತ ಸಾಕಷ್ಟು ಹೆಚ್ಚಿರಬೇಕು. ಬ್ರೇಕಿಲ್ಲದ ಟ್ರೇಲರಿಗೆ ಆ ಮಿತಿ ಇನ್ನೂ ಕಡಿಮೆ. ಕೈಪಿಡಿಯಲ್ಲಿ ಮಿತಿಯೇ ಕಾಣದಿದ್ದಲ್ಲಿ ಅಂತಹ ವಾಹನವನ್ನು ಕೈಬಿಡುವುದೇ ಲೇಸು.

ಒಟ್ಟು ತೂಕದ ಶೇಕಡಾ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ದೋಣಿಯನ್ನು ಕೂರಿಸತಕ್ಕದ್ದು. ಕಡಿಮೆಯಾದರೆ ಟ್ರೇಲರ್ ಓಲಾಡುತ್ತದೆ. ಹೆಚ್ಚಾದರೆ ವಾಹನದ ಮುಂಚಕ್ರಗಳ ಹಿಡಿತ ಸಡಿಲಗೊಳ್ಳುತ್ತದೆ. ಪಾಚಿಗಟ್ಟಿದ ಇಳಿಜಾರಿನಿಂದ ದೋಣಿಯನ್ನು ಮೇಲೆಳೆಯುವಾಗ ಮುಂಚಕ್ರ ಚಾಲನೆಯ ಕಾರುಗಳು ಸೋಲುವುದು ಇದೇ ಕಾರಣಕ್ಕೆ. ನಾಲ್ಕು ಚಕ್ರ ಚಾಲನೆಗೆ ತೆರುವ ಹೆಚ್ಚುವರಿ ಹಣ ದುಂದಲ್ಲ. ವೇಗವು 40ರಿಂದ 80 ಕಿಲೋಮೀಟರಿಗೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಘಾಟಿ ಇಳಿಯುವವರಿಗೆ ಇದರ ಅರ್ಥ ಹೇಳಬೇಕಿಲ್ಲ.

ಇನ್ನು ಕಾಗದಪತ್ರ. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಂತೆ ಟ್ರೇಲರ್ ಸಹ ಮೋಟಾರು ವಾಹನವೇ. ಎಳೆಯುವ ವಾಹನದ ವಿಮೆಯು ಅದಕ್ಕೂ ತಾನಾಗಿಯೇ ಅನ್ವಯಿಸುವುದೆಂದು ಭಾವಿಸಬಾರದು. ಟ್ರೇಲರಿನ ನೋಂದಣಿ, ವಿಮೆ ಹಾಗೂ ದೋಣಿಯ ಸಾಗಾಟ ವಿಮೆಯ ವೆಚ್ಚವನ್ನು ದೋಣಿಯ ಬೆಲೆ ನಿಗದಿಪಡಿಸುವಾಗಲೇ ಲೆಕ್ಕಕ್ಕೆ ಹಿಡಿಯತಕ್ಕದ್ದು.